ದ್ವಿವಾರ್ಷಿಕ ಪುಷ್ಪಗಳನ್ನು ಕುರಿತ ಭ್ರಾಂತಿ

ಚಿತ್ರವುಳ್ಳ ಬೀಜದ ಪೊಟ್ಟಣವೊಂದನ್ನು ಕೊಂಡು ತಂದು, ಕಾಳಗಿಯ ತಮ್ಮ ಅಂಗಳದಲ್ಲಿ ಫಾಕ್ಸ್‌ಗ್ಲವ್ ಹೂವನ್ನು ಬಿತ್ತಿ, ಮೊದಲ ವರುಷ ಎಲೆಯ ಗುಚ್ಛವನ್ನಷ್ಟೇ ಕಂಡ ಪುಷ್ಪಪ್ರಿಯರು, “ದ್ವಿವಾರ್ಷಿಕವಲ್ಲವೆ, ಇನ್ನೊಂದು ವರುಷ ಕಾದರಾಯಿತು” ಎಂದು ಸಮಾಧಾನ ತಾಳುವುದುಂಟು. ತಪ್ಪು ಕಲ್ಪನೆಯ ಬೇರು ಈ ಸಮಾಧಾನದಲ್ಲಿಯೇ ಇದೆ. ಇಂತಹ ಸಸ್ಯವು ಲೆಕ್ಕವಿಡುವುದು ಚಳಿಯನ್ನು. ಎಲೆ ಬೇರುಗಳಲ್ಲಿ ಆಹಾರವನ್ನು ಸಂಚಯಿಸಿಕೊಂಡ ಬಳಿಕ, ಸುಮಾರು 10 ಡಿಗ್ರಿಗಿಂತ ಕೆಳಗಿನ ಶೀತವನ್ನು ಹಲವು ವಾರ ಅನುಭವಿಸಿದ ಮೇಲೆಯೇ ಅದು ದಂಟೆತ್ತಿ, ಹೂತು, ಬೀಜ ಕಟ್ಟಿ, ಸಾಮಾನ್ಯವಾಗಿ ಅಲ್ಲಿಗೆ ಆಯುಷ್ಯವನ್ನು ಮುಗಿಸುತ್ತದೆ. ಬೇಸಗೆಯ ಹಗಲು 40 ಡಿಗ್ರಿಯನ್ನು ಮೀರುವ, ಮಾಗಿಯ ರಾತ್ರಿಯೂ ಅಷ್ಟು ದೀರ್ಘಕಾಲ ಅಷ್ಟೊಂದು ತಣಿಯದ ಸೇಡಂ, ಚಿತ್ತಾಪುರ, ಶಹಾಬಾದಗಳ ಸೀಮೆಯಲ್ಲಿ ಅದು ಹೂವಿನ ಸುಳಿವಿಲ್ಲದೆಯೇ ಬಿಸಿಲಿಗೆ ಸೊರಗಿದರೆ, ಬೀಜವನ್ನಾಗಲಿ ಎರೆಮಣ್ಣನ್ನಾಗಲಿ ದೂರುವುದು ಅನ್ಯಾಯ.

ದ್ವಿವಾರ್ಷಿಕಗಳು ಪರದೇಶದವು, ನಮ್ಮ ಒಕ್ಕಲಿಗರಿಗೆ ಅಪರಿಚಿತವಾದುವು ಎಂಬ ಮಾತೂ ನಿಲ್ಲದು. ಉಳ್ಳಾಗಡ್ಡಿಯೇ ಅದಕ್ಕೆ ಉತ್ತರ. ಬೀಜದಿಂದ ಗಡ್ಡೆ ಒಂದು ಹಂಗಾಮಿನ ಬೆಳೆ. ಆರಿಸಿಟ್ಟ ಗಡ್ಡೆಯನ್ನು ಮಳೆಗಾಲ ಕಳೆದ ಮೇಲೆ ಮತ್ತೆ ನೆಟ್ಟಾಗ, ಛಳಿಗಾಲದ ತಂಪಿಗೆ ಟೊಳ್ಳು ದಂಟಿನ ತುದಿಯಲ್ಲಿ ಚೆಂಡಿನಂತಹ ಬಿಳಿಯ ಹೂಗೊಂಚಲು ಅರಳಿ, ಜೇನ್ನೊಣಗಳ ಸಂಚಾರದಿಂದ ಕಪ್ಪು ಬೀಜ ತುಂಬಿಕೊಳ್ಳುವುದು ಎರಡನೆಯ ಹಂಗಾಮಿನ ಕಾರ್ಯ. ನನ್ನ ಕಣ್ಣಿಗೆ ಆ ಹೂಗೊಂಚಲು ಯಾವ ವಿಲಾಯತಿ ಪುಷ್ಪಕ್ಕೂ ಕಡಿಮೆಯದಲ್ಲ. ನಮ್ಮ ಬಯಲುಸೀಮೆಯ ತಳಿಗಳಿಗೆ ಅಲ್ಪಶೀತವೇ ಸಾಕಾಗುವುದರಿಂದ ಇದು ಇಲ್ಲಿ ಸಾಧ್ಯವಾಗಿದೆ. ಬಲಿತ ಸಸಿಗೆ ಚಳಿ ತಾಗಿದರೆ ಮೊದಲ ಹಂಗಾಮಿನಲ್ಲಿಯೇ ಹೂದಂಟು ಹೊರಟು ಗಡ್ಡೆ ಕೆಡುವುದನ್ನು ಕಂಡ ರೈತನಿಗೆ, ವರುಷಗಳ ಎಣಿಕೆಗಿಂತ ಚಳಿಯ ಆಜ್ಞೆ ದೊಡ್ಡದೆಂಬುದು ಅನುಭವಸಿದ್ಧ. ಗಜ್ಜರಿಯ ಕಥೆಯೂ ಹೀಗೆಯೇ: ದೇಶೀ ತಳಿ ಬಯಲಿನಲ್ಲಿ ಬೀಜ ಕೊಡುತ್ತದೆ, ಯುರೋಪಿನ ತಳಿಗೆ ಬೆಟ್ಟದ ಶೀತವೇ ಬೇಕು.

ಹಾಗಾದರೆ ಅಂಗಳದ ಹೂದೋಟಕ್ಕೆ ದಾರಿಯಿಲ್ಲವೆ? ಉಂಟು. ಬೆಂಡೆ, ಹತ್ತಿ, ದಾಸವಾಳಗಳ ಕುಲಕ್ಕೇ ಸೇರಿದ ಹಾಲಿಹಾಕ್ ಪುಷ್ಪದಲ್ಲಿ, ಒಂದೇ ಹಂಗಾಮಿನಲ್ಲಿ ಹೂಬಿಡುವ ತಳಿಯನ್ನು ಆರಿಸಿ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ ಬಿತ್ತಿದರೆ, ಬೇಸಗೆ ಕಡುವಾಗುವ ಮುನ್ನವೇ ಅದು ಅರಳುತ್ತದೆ. ಬೀಜವನ್ನು ಆಳಕ್ಕಿಳಿಸಿದಷ್ಟೂ ಬೇರು ಬಲವೆಂಬ ನಂಬಿಕೆಯನ್ನು ಮಾತ್ರ ಇಲ್ಲಿ ಬಿಡಬೇಕು: ಫಾಕ್ಸ್‌ಗ್ಲವ್‌ನ ಧೂಳಿನಂತಹ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಹಾಲಿಹಾಕ್‌ಗೆ ತೆಳುವಾದ ಮಣ್ಣಿನ ಹೊದಿಕೆ ಸಾಕು. ಹಾಲಿಹಾಕ್‌ನ ತಾಯಿಬೇರು ನೇರವಾಗಿ ಇಳಿಯುವುದರಿಂದ ಆ ಗಿಡವನ್ನು ನಿಲ್ಲಬೇಕಾದ ಎಡೆಯಲ್ಲಿಯೇ ಬಿತ್ತುವುದು ಲೇಸು. ದಂಟಿನ ತುದಿಯಲ್ಲಿ ಮೊಗ್ಗು ಬಿರಿಯುತ್ತಿರುವಂತೆಯೇ ಬುಡದ ಚಕ್ರಾಕಾರದ ಕಾಯಿಗಳು ಒಣಗತೊಡಗುತ್ತವೆ. ಮುಂದಿನ ಬಿತ್ತನೆಯ ಬೀಜವನ್ನು ಆಗಲೇ ಬಿಡಿಸಿ ಇಟ್ಟುಕೊಳ್ಳಬಹುದು.