ಮರುಭೂಮಿಯ ಕಂದರದಲ್ಲಿ ಜಲಯಾನ

ಅಮೆರಿಕದ ಅರಿಜೋನಾದಲ್ಲಿ ಕೊಲೊರಾಡೊ ನದಿ ಕೊರೆದಿರುವ ಗ್ರ್ಯಾಂಡ್ ಕ್ಯಾನ್ಯನ್ ಕಂದರದ ಆಳ ಒಂದೂವರೆ ಕಿಲೋಮೀಟರಿಗೂ ಮಿಗಿಲು. 1869ರಲ್ಲಿ, ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಜಾನ್ ವೆಸ್ಲಿ ಪೊವೆಲ್ ಒಂಬತ್ತು ಸಂಗಡಿಗರೊಡನೆ ನಾಲ್ಕು ದೋಣಿಗಳಲ್ಲಿ ಈ ನದೀಮಾರ್ಗದ ಶೋಧನೆಗೆ ಹೊರಟನು. ಒಬ್ಬನು ಮೊದಲೇ ಹಿಂದಿರುಗಿದನು. ಕೊನೆಯಲ್ಲಿ ಭೋರ್ಗರೆವ ಪ್ರವಾಹಕ್ಕಂಜಿ ಮೂವರು ದಂಡೆಯೇರಿ ಹೋದರು. ಅವರು ಮರಳಿ ಊರು ಕಾಣಲಿಲ್ಲ. ನದಿಯನ್ನೇ ನಂಬಿದ ಆರು ಮಂದಿ ಮರುದಿನವೇ ಕಂದರದಿಂದ ಪಾರಾದರು.

ಇಂದು ವರ್ಷಂಪ್ರತಿ ಸಹಸ್ರಾರು ಪ್ರವಾಸಿಗಳು ರಬ್ಬರಿನ ತೆಪ್ಪಗಳಲ್ಲಿ ಇದೇ ಹಾದಿ ಹಿಡಿಯುತ್ತಾರೆ. ಬೇಸಗೆಯಲ್ಲಿ ಕಂದರದ ತಳದ ತಾಪ 40 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಬೆವರಿನೊಡನೆ ಲವಣವೂ ಹರಿದುಹೋಗುತ್ತದೆ. ಆಗ ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತಗ್ಗಿ ತಲೆನೋವು, ವಾಂತಿ, ಮತಿಭ್ರಮಣೆ, ಕಡೆಗೆ ಮರಣವೂ ಸಂಭವಿಸಬಹುದು. ಆದ್ದರಿಂದ ನೀರಿನೊಡನೆ ಉಪ್ಪಿನ ತಿನಿಸು, ಮೈಮೇಲೆ ಸದಾ ತೇಲುಕವಚ: ಈ ಎರಡನ್ನು ಮರೆಯದವರಿಗೇ ನದಿಯ ಸೊಬಗು ಸಲ್ಲುತ್ತದೆ.