ನಡೀತಿರೋ ಅಜ್ಜಿಯನ್ನ ಹಿಂದಿನಿಂದ ಕರೆದಾಗ

ಈ ಎಪಿಸೋಡ್ ನನ್ನ ತಪ್ಪಿನಿಂದಲೇ ಶುರು. ಹೋದ ವರ್ಷ ಅಜ್ಜಿ ಕಾಫಿ ಲೋಟ ಹಿಡ್ಕೊಂಡು ಅಡುಗೆಮನೆ ಕಡೆ ಹೋಗ್ತಿದ್ರು. ಸೋಫಾದಲ್ಲಿ ಬಿದ್ಕೊಂಡಿದ್ದ ನಾನು, ‘ಅಜ್ಜಿ, ನನ್ನ ಚಾರ್ಜರ್ ಎಲ್ಲಿಟ್ರಿ?’ ಅಂತ ಹಿಂದಿನಿಂದ ಕೂಗಿದೆ. ಅವರು ತಿರುಗಿದ್ರು, ಬಿದ್ರು. ನೆಲ ಒದ್ದೆ ಇರ್ಲಿಲ್ಲ, ಕಾಲಿಗೆ ಏನೂ ಸಿಕ್ಕಿರ್ಲಿಲ್ಲ. ಮೂಳೆ ಮುರೀಲಿಲ್ಲ, ಪುಣ್ಯ. ಆದ್ರೆ ಆವತ್ತಿನಿಂದ ಗೋಡೆ ಹಿಡಿಯದೆ ನಡೆಯೋಲ್ಲ.

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ನನ್ನ ಭಾಷೆಯಲ್ಲೇ ಹೇಳ್ತೀನಿ. ನಮ್ಮ ವಯಸ್ಸಲ್ಲಿ ನಡಿಗೆ ಅನ್ನೋದು ಆಟೋ-ಪೇ ಥರ. ಹೆಜ್ಜೆಯ ಲಯವನ್ನು ಬೆನ್ನುಹುರಿ, ಮಿದುಳುಕಾಂಡದ ನರಜಾಲಗಳು ನೋಡ್ಕೊಳ್ತವೆ. ಕಿರುಮಿದುಳು ತಪ್ಪು ತಿದ್ದುತ್ತೆ. ಹಣೆಯ ಹಿಂದಿರೋ ಮಿದುಳಿನ ಭಾಗ, ಅಂದ್ರೆ ಗಮನ ಕೊಡೋ, ಯೋಚಿಸೋ ಜಾಗ, ಬಹುಪಾಲು ಫ್ರೀ. ವಯಸ್ಸಾದಂತೆ ಆಟೋ-ಪೇ ಕೈಕೊಡುತ್ತೆ, ಹೆಜ್ಜೆ ಹೆಜ್ಜೆಗೂ ಓಟಿಪಿ ಕೇಳೋ ಹಾಗಾಗುತ್ತೆ. ಆ ಓಟಿಪಿ ಹಾಕೋದು ಅದೇ ಹಣೆಯ ಭಾಗ. ಅಷ್ಟರಲ್ಲಿ ನಾವೊಂದು ಪ್ರಶ್ನೆ ಎಸೆದ್ರೆ?

1997ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಸ್ವೀಡನ್‌ನ ಅಧ್ಯಯನ ಓದಿ ನನಗೆ ಗಂಟಲು ಕಟ್ಟಿತು. ವಸತಿಗೃಹಗಳಲ್ಲಿದ್ದ 58 ಹಿರಿಯರನ್ನ ನಡೀತಿರುವಾಗ ಸುಮ್ಮನೆ ಮಾತಾಡಿಸಿದ್ರು. 12 ಜನ ಮಾತಿಗೋಸ್ಕರ ನಿಂತುಬಿಟ್ರು. ಮುಂದಿನ 6 ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ರು.

ತಿರುಗೋದಂತೂ ಇನ್ನೂ ದುಬಾರಿ ವ್ಯವಹಾರ. ಮೊದಲು ಕಣ್ಣು-ತಲೆ, ಆಮೇಲೆ ಎದೆ, ಕೊನೆಗೆ ಕಾಲು. ಒಳಗಿನ ಕಾಲಿಗೆ ಚಿಕ್ಕ ಹೆಜ್ಜೆ, ಹೊರಗಿನದಕ್ಕೆ ದೊಡ್ಡದು. ಎರಡು ಕಾಲಿಗೆ ಎರಡು ಲೆಕ್ಕ! ಹಲವು ಹಿರಿಯರಲ್ಲಿ, ಪಾರ್ಕಿನ್ಸನ್ ಇದ್ದವರಲ್ಲಿ ಇನ್ನೂ ಹೆಚ್ಚು, ತಲೆ-ಮೈ ಎಲ್ಲ ಕಂಬದ ಹಾಗೆ ಒಟ್ಟಿಗೇ ತಿರುಗುತ್ತೆ. ಆಗ ಬಿದ್ರೆ ಪಕ್ಕಕ್ಕೆ ಬೀಳೋದು ಸುಲಭ. ಏಟು ನೇರ ಸೊಂಟದ ಮೂಳೆಗೆ.

ಫಿಸಿಯೋಥೆರಪಿಸ್ಟ್ ಅಜ್ಜಿಗೆ ಒಂದು ಪರೀಕ್ಷೆ ಮಾಡಿದ್ರು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ, ವಾಪಸ್ ಬಂದು ಕೂರೋದು. 12 ಸೆಕೆಂಡ್ ಅಥವಾ ಜಾಸ್ತಿ ಆದ್ರೆ ಬೀಳೋ ಅಪಾಯ ಇದೆ ಅಂತ ಲೆಕ್ಕ. ಅಜ್ಜಿಗೆ 19 ಆಯ್ತು, ಅದರಲ್ಲಿ ತಿರುಗೋ ಜಾಗದಲ್ಲೇ ಜಾಸ್ತಿ ಹೊತ್ತು. ಮೂರು ತಿಂಗಳು ಕಾಲಿನ ವ್ಯಾಯಾಮ, ನಿಧಾನವಾಗಿ ಅಗಲ ಸುತ್ತಿ ತಿರುಗೋ ಅಭ್ಯಾಸ ಮಾಡಿಸಿದ್ವಿ. ಈಗ 15.

ಈಗ ಏನಾದ್ರೂ ಕೇಳ್ಬೇಕಾದ್ರೆ ಅವರು ಕೂರೋ ತನಕ ಕಾಯ್ತೀನಿ. ಚಾರ್ಜರ್ ಮಾತ್ರ ನಾನೇ ಹುಡುಕ್ಕೋತೀನಿ.