ಶರಾವತಿಯ ಹಿನ್ನೀರು

ಸಾಗರವೆಂಬ ಹೆಸರನ್ನು ಕೇಳಿ ಅಲ್ಲಿ ಸಮುದ್ರವಿರಬಹುದೆಂದು ಹೊರಡತಕ್ಕವರು ಯಾರೂ ಇಲ್ಲವಷ್ಟೆ. ಕೆಳದಿಯ ಅರಸನಾದ ಸದಾಶಿವನಾಯಕನ ಹೆಸರನ್ನು ಹೊತ್ತ ಸದಾಶಿವಸಾಗರವೆಂಬ ಕೆರೆಯಿಂದ ಊರಿಗೆ ಆ ಹೆಸರು ಬಂದಿತು. ಆದರೆ 1964ರಿಂದೀಚೆಗೆ ಆ ತಾಲ್ಲೂಕಿಗೆ ನಿಜವಾಗಿಯೂ ಒಂದು ಸಾಗರವು ದೊರೆತಿದೆ. ಲಿಂಗನಮಕ್ಕಿಯ ಅಣೆಕಟ್ಟಿನ ಹಿಂದೆ ನಿಂತ ನೀರು ಸಾಗರ ಹೊಸನಗರಗಳ ಕಣಿವೆಗಳಿಗೆ ನುಗ್ಗಿ, ಗುಡ್ಡಗಳ ನೆತ್ತಿಗಳನ್ನು ನಡುಗಡ್ಡೆಗಳನ್ನಾಗಿ ಮಾಡಿದೆ. ಸುತ್ತಲೂ ದಟ್ಟವಾದ ಕಾಡು; ಸಿಂಗಳೀಕಗಳಿರುವ ಈ ಪ್ರದೇಶದ ಬಹುಭಾಗವು ಇಂದು ಅಭಯಾರಣ್ಯ.

ಈ ನೀರಿನ ಮೂಲವು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿದೆ. ರಾಮನ ಬಾಣದಿಂದ ಚಿಮ್ಮಿತೆಂದು ಪುರಾಣವು ಹೇಳುವ ಆ ಸಣ್ಣ ಒರತೆಯನ್ನು ಕಂಡವರಿಗೆ, ಅದೇ ಮುಂದೆ ಜೋಗದಲ್ಲಿ 830 ಅಡಿ ಧುಮುಕುವುದೆಂದರೆ ನಂಬಿಕೆ ಬರುವುದು ಕಷ್ಟ. ಜಲಾಶಯವು ತುಂಬಿದಾಗ ನೀರಿನ ಮಟ್ಟವು ಸಮುದ್ರಕ್ಕಿಂತ 1819 ಅಡಿ ಮೇಲಿರುತ್ತದೆ. ಮಳೆಗಾಲದಲ್ಲಿ ಕೂಡಿಟ್ಟ ಈ ನೀರನ್ನು ತಳಕಳಲೆಯ ಮೂಲಕ ಕೆಳಗಿನ ವಿದ್ಯುದಾಗಾರಕ್ಕೆ ಕೊಂಡೊಯ್ದು ವರ್ಷವೆಲ್ಲ ಖರ್ಚುಮಾಡುತ್ತಾರೆ. ಆದುದರಿಂದ ಇದು ನಿಶ್ಚಲವಾದ ಸರೋವರವಲ್ಲ. ಕಾರ್ತಿಕದಲ್ಲಿ ದಡವಿದ್ದ ಎಡೆಯಿಂದ ವೈಶಾಖದಲ್ಲಿ ಬಹುದೂರ ಕೆಸರನ್ನು ದಾಟಿದಲ್ಲದೆ ನೀರು ಸಿಕ್ಕದು.

ಈ ಸಾಗರಕ್ಕೆ ರೇವುಪಟ್ಟಣವೆಂಬುದು ಇಲ್ಲ. ರೇವುಗಳು ಮಾತ್ರ ಉಂಟು. ಅವುಗಳಲ್ಲಿ ಹೊಳೆಬಾಗಿಲು ಪ್ರಸಿದ್ಧವಾದುದು. ಹೆಸರೇ ಅರ್ಥವನ್ನು ಹೇಳುತ್ತದೆ. ಅಂಬಾರಗೋಡ್ಲಿನ ದಡದಿಂದ ಎದುರಿನ ಕಳಸವಳ್ಳಿಗೆ ಹಲವು ದಶಕಗಳ ಕಾಲ ಲಾಂಚು ಓಡಾಡಿತು. ಜನರಷ್ಟೇ ಅಲ್ಲ, ಕಾರು, ಬಸ್ಸು, ಅಡಕೆಯ ಮೂಟೆ, ಸಿಗಂದೂರು ಚೌಡೇಶ್ವರಿಯ ಭಕ್ತರು, ಮದುವೆಯ ದಿಬ್ಬಣ, ಎಲ್ಲವೂ ಅದರ ಮೇಲೆಯೇ ದಾಟಬೇಕು. ಪಟ್ಟಣದಿಂದ ಬಂದ ನಮ್ಮಂಥವರಿಗೆ ಆ ಪ್ರಯಾಣವು ಒಂದು ವಿನೋದ. ತುಮರಿಯ ಕಡೆಯವರಿಗೆ ಅದು ವಿನೋದವಾಗಿರಲಿಲ್ಲ. ಕತ್ತಲಾದ ಮೇಲೆ ಲಾಂಚು ನಿಲ್ಲುತ್ತಿತ್ತು. ರಾತ್ರಿ ಹೆರಿಗೆಯ ನೋವು ಬಂದರೆ, ಹಾವು ಕಚ್ಚಿದರೆ, ಕಣ್ಣೆದುರಿಗೇ ಇದ್ದ ದಡಕ್ಕೆ ಹೋಗಲಾರದೆ ನಿಟ್ಟೂರಿನ ಮೇಲೆ ಬಹುದೂರ ಸುತ್ತಬೇಕಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನಗಳನ್ನು ಹತ್ತಿಸುವಂತೆಯೇ ಇರಲಿಲ್ಲ.

ಈ ಜನರು ನೀರಿನ ನಡುವೆ ಮನೆ ಕಟ್ಟಲು ಹೋದವರಲ್ಲ. ನೀರೇ ಇವರಲ್ಲಿಗೆ ಬಂದಿತು. ತೋಟ ಗದ್ದೆಗಳು, ದೇವಸ್ಥಾನಗಳು, ನೆಂಟರ ಮನೆಗೆ ಹೋಗುವ ಕಾಲುದಾರಿಗಳು ಎಲ್ಲವೂ ಮುಳುಗಿದುವು. ಕೆಲವರು ಗುಡ್ಡದ ಮೇಲಕ್ಕೆ ಸರಿದರು. ಅನೇಕರನ್ನು ಶಿವಮೊಗ್ಗದ ಸುತ್ತಲಿನ ಕಾಡುಗಳಿಗೆ ಸಾಗಿಸಿದರು. ಅಲ್ಲಿ ಬೇಸಾಯ ಹೂಡಿದ ನೆಲದ ಹಕ್ಕುಪತ್ರಕ್ಕಾಗಿ ಅವರ ಮಕ್ಕಳೂ ಮೊಮ್ಮಕ್ಕಳೂ ಕಚೇರಿಗಳಿಗೆ ಅಲೆದಿದ್ದಾರೆ. 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಬೆಳಕಿನಲ್ಲಿ ಓದಿ ಬರೆದ ನಾವು ಈ ಲೆಕ್ಕವನ್ನು ಸುಲಭವಾಗಿ ಮರೆಯುತ್ತೇವೆ.

ಎರಡು ದಡಗಳನ್ನು ಸೇರಿಸುವ ಸೇತುವೆಯು ಕೊನೆಗೆ 2025ನೆಯ ಜುಲೈ 14ರಂದು ತೆರೆಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದ. ನಡುವಿನ ಭಾಗವನ್ನು ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹುರಿಗಳು ಹಿಡಿದಿವೆ. ಲಾಂಚಿನ ಸೊಗಸು ಹೋಯಿತೆಂದು ಮರುಗುವ ಯಾತ್ರಿಕರನ್ನು ನಾವು ಬಲ್ಲೆವು. ಆ ಮರುಕವನ್ನು ತುಮರಿಯ ಬಾಣಂತಿಯೊಬ್ಬಳ ಮುಂದೆ ಆಡದಿರುವುದು ಲೇಸು. ದೋಣಿಯ ಸುಖವೇ ಬೇಕಾದವರಿಗೆ ಹೊನ್ನೆಮರಡಿನಲ್ಲಿ ನೀರೂ ಉಂಟು, ನಡುಗಡ್ಡೆಯೂ ಉಂಟು.

ಮಳೆ ಕಡಮೆಯಾದ ವರ್ಷ, ಬೇಸಿಗೆಯ ಕೊನೆಗೆ ಹೋದವರಿಗೆ ಮತ್ತೊಂದು ನೋಟವು ಕಾದಿರುತ್ತದೆ. ಲಿಂಗನಮಕ್ಕಿಗಿಂತ ಮುಂಚೆ, ಮೈಸೂರು ಸಂಸ್ಥಾನದ ಕಾಲದಲ್ಲಿ, ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಒದಗಿಸಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದ್ದರು. ಇಂಜಿನಿಯರ್ ಗಣೇಶ ಅಯ್ಯರ್ ಅವರು ಯೋಜಿಸಿದ ಸೈಫನ್ನುಗಳು ಅದರ ವೈಶಿಷ್ಟ್ಯ: ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಬಾಗಿಲೆತ್ತುವ ಮನುಷ್ಯನಿಲ್ಲದೆ, ತಾನಾಗಿಯೇ ಸುಳಿಯಾಗಿ ಕೆಳಕ್ಕೆ ಹರಿದುಹೋಗುತ್ತಿತ್ತು. 1948ರ ಸುಮಾರಿಗೆ ಮುಗಿದ ಆ ಕಟ್ಟಡವನ್ನು ಹದಿನಾರೇ ವರ್ಷಗಳಲ್ಲಿ ಹೊಸ ಜಲಾಶಯವು ನುಂಗಿತು. ನೀರು ತೀರ ಇಳಿದಾಗ ಸೈಫನ್ನುಗಳ ಬಾಯಿಗಳೂ ಕಲ್ಲಿನ ಗೋಡೆಯೂ ಹೊರಗೆ ಕಾಣುತ್ತವೆ. ಗಾರೆ ಕದಲಿಲ್ಲ. ಮೊದಲ ಮಳೆಗಳು ಬಿದ್ದು ಹೊಳೆಯು ಏರಿದರೆ ಮತ್ತೆ ಎಲ್ಲವೂ ಮುಳುಗುವುದರಿಂದ, ನೋಡಬೇಕೆನ್ನುವವರು ಮೇ ತಿಂಗಳನ್ನು ದಾಟಿಸಬಾರದು.